ಮನೆಯ ನೆಟ್ ಬಳಕೆಯನ್ನೂ ವೇಗವನ್ನೂ ಮುಕ್ತ ತಂತ್ರಾಂಶದಿಂದ ಅಳೆಯುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಇಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಿಕೊಂಡು ಕೆಲಸ ಮಾಡುವಂತಿಲ್ಲವಾದ್ದರಿಂದ ಫೈಬರ್ ಸಂಪರ್ಕ ಹಾಕಿಸಿಕೊಂಡಿದ್ದೇವೆ. ಪ್ಲ್ಯಾನಿನ ಪ್ರಕಾರ ಸೆಕೆಂಡಿಗೆ 50 ಮೆಗಾಬಿಟ್ ವೇಗ, ತಿಂಗಳಿಗೆ 500 ಜಿಬಿ ಡೇಟಾ. ಅದು ಮುಗಿದ ಮೇಲೆ ವೇಗ 4 ಮೆಗಾಬಿಟ್‌ಗೆ ಇಳಿಯುತ್ತದೆ. ಅಪ್ಪ, ಅಮ್ಮ ಮತ್ತು ನನ್ನ ಫೋನುಗಳು, ಒಂದು ಟಿವಿ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವ ತಂಗಿಯ ಲ್ಯಾಪ್‌ಟಾಪ್, ಕೊಯ್ಲಿನ ಕಾಲದಲ್ಲಿ ಅಂಗಳದ ಅಡಿಕೆಗೆ ಕಾವಲಿರಲೆಂದು ಹಾಕಿದ ಒಂದು ವೈ-ಫೈ ಕ್ಯಾಮೆರಾ, ಇಷ್ಟು ಉಪಕರಣಗಳು ಈ ಸಂಪರ್ಕದ ಮೇಲಿವೆ.

ತೊಂದರೆ ಎರಡು. ಮೊದಲನೆಯದು, ತಿಂಗಳು ಮುಗಿಯಲು ಇನ್ನೂ ಒಂದು ವಾರ ಇರುವಾಗಲೇ 500 ಜಿಬಿ ಖಾಲಿಯಾಗುತ್ತಿದೆ. ಯಾರು ಬಳಸಿದ್ದೆಂದು ಕೇಳಿದರೆ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಎರಡನೆಯದು, ಡೇಟಾ ಇನ್ನೂ ಉಳಿದಿರುವ ದಿನಗಳಲ್ಲೂ ಸಂಜೆ ಏಳರ ನಂತರ ತಂಗಿಯ ವಿಡಿಯೊ ಸಭೆಗಳು ತುಂಡುತುಂಡಾಗುತ್ತವೆ. ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲ ಸರಿಯಿದೆ, ನಿಮ್ಮ ವೈ-ಫೈ ನೋಡಿಕೊಳ್ಳಿ" ಎನ್ನುತ್ತಾರೆ. ಅವರ ಮಾತು ನಿಜವೋ ಸುಳ್ಳೋ ಹೇಳಲು ನನ್ನ ಕೈಯಲ್ಲಿ ಯಾವ ಅಂಕಿಯೂ ಇಲ್ಲ.

ಮನೆಯಲ್ಲಿ ಲಿನಕ್ಸ್ ಮಿಂಟ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ ನೆಟ್ ಸಂಚಾರವನ್ನು ತೋರಿಸುವ ವೈರ್‌ಶಾರ್ಕ್ ಓಡಿಸಿ ನೋಡಿದೆ. ಅದೇ ಲ್ಯಾಪ್‌ಟಾಪಿನ ಪ್ಯಾಕೆಟ್‌ಗಳು (ನೆಟ್‌ನಲ್ಲಿ ಹೋಗಿಬರುವ ಡೇಟಾದ ತುಣುಕುಗಳು) ಕಾಣುತ್ತವೆಯೇ ಹೊರತು ಟಿವಿಯದಾಗಲಿ ಫೋನುಗಳದಾಗಲಿ ಕಾಣುವುದಿಲ್ಲ. ಖಾತೆ ತೆರೆಯಿರಿ ಎನ್ನುವ, ನಮ್ಮ ಬಳಕೆಯ ವಿವರವನ್ನು ಬೇರೆಲ್ಲಿಗೋ ಕಳಿಸುವ ತಂತ್ರಾಂಶ ನನಗೆ ಬೇಡ. ಉಚಿತವಾಗಿಯೂ ಮುಕ್ತವಾಗಿಯೂ ಇರುವ, ನಮ್ಮಲ್ಲಿ ಕರೆಂಟ್ ಹೋಗಿ ಬರುವ ರೀತಿಗೆ ತಡೆದುಕೊಳ್ಳುವ ಏರ್ಪಾಡು ಯಾವುದಿದೆ ಎಂದು ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಶರಾವತಿ ಕಣಿವೆ

ವೈರ್‌ಶಾರ್ಕ್‌ನಲ್ಲಿ ದೋಷವಿಲ್ಲ, ಅದನ್ನು ಕೂರಿಸಿದ ಜಾಗ ಸರಿಯಿಲ್ಲ. ರೌಟರಿನೊಳಗಿನ ಸ್ವಿಚ್ ಯಾವ ಪ್ಯಾಕೆಟ್ ಯಾವ ಉಪಕರಣಕ್ಕೆ ಸೇರಬೇಕೋ ಅದಕ್ಕೆ ಮಾತ್ರ ಕಳಿಸುತ್ತದೆ. ವೈ-ಫೈಯಲ್ಲಿ ಪ್ರತಿ ಉಪಕರಣಕ್ಕೂ ಬೇರೆಯದೇ ಗೂಢಲಿಪಿ ಇರುತ್ತದೆ. ಹಾಗಾಗಿ ಮನೆಯ ಮೂಲೆಯಲ್ಲಿ ಕುಳಿತ ಒಂದು ಲ್ಯಾಪ್‌ಟಾಪಿಗೆ ಉಳಿದವರ ಸಂಚಾರ ಕಾಣಲು ಕಾರಣವೇ ಇಲ್ಲ. ತೋಟದ ಪೈಪಿನ ಒಂದು ಕವಲಿಗೆ ಮೀಟರ್ ಹಾಕಿ ಇಡೀ ತೋಟದ ನೀರಿನ ಲೆಕ್ಕ ಕೇಳಿದರೆ ಸಿಗುತ್ತದೆಯೇ? ಅಳತೆ ನಡೆಯಬೇಕಾದದ್ದು ಎಲ್ಲರ ಸಂಚಾರವೂ ಹಾದುಹೋಗುವ ಜಾಗದಲ್ಲಿ, ಅಂದರೆ ರೌಟರಿನಲ್ಲಿ.

ಸಂಪರ್ಕ ಕೊಟ್ಟವರು ಇಟ್ಟುಹೋದ, ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇಂಥ ಲೆಕ್ಕ ಸಿಗುವುದಿಲ್ಲ. ಅದರ ಹಿಂದೆ ನಿಮ್ಮದೇ ಒಂದು ರೌಟರ್ ಇಟ್ಟು, ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಳ್ಳುವುದು ನನ್ನ ಸಲಹೆ. ಇದು ರೌಟರುಗಳಿಗೆಂದೇ ಇರುವ ಲಿನಕ್ಸ್. 2004ರಿಂದ ಬೆಳೆದು ಬಂದಿದೆ. ಕೊಳ್ಳುವ ಮೊದಲು ಅದರ ತಾಣದಲ್ಲಿರುವ ಯಂತ್ರಗಳ ಪಟ್ಟಿಯಲ್ಲಿ ನಿಮ್ಮ ಮಾದರಿಯ ಹೆಸರನ್ನು, ಅದರ ಆವೃತ್ತಿ ಸಂಖ್ಯೆಯ ಸಮೇತ, ಕಡ್ಡಾಯವಾಗಿ ನೋಡಿ. ಒಂದೇ ಹೆಸರಿನ ರೌಟರಿನ ಎರಡು ಆವೃತ್ತಿಗಳೊಳಗೆ ಬೇರೆ ಬೇರೆ ಚಿಪ್ ಇರುವುದುಂಟು. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ಯಂತ್ರಗಳಿಗೆ ಈಗಿನ ಆವೃತ್ತಿಗಳು ಹೊಂದುವುದಿಲ್ಲ. 16 ಎಂಬಿ ಫ್ಲ್ಯಾಶ್ ಮತ್ತು 128 ಎಂಬಿ ರ‍್ಯಾಮ್‌ಗಿಂತ ಕಡಿಮೆಯದನ್ನು ತೆಗೆದುಕೊಳ್ಳಬೇಡಿ, ಒಂದು ಯುಎಸ್‌ಬಿ ಕಿಂಡಿಯೂ ಇರಲಿ.

ಹೊಸ ರೌಟರ್ ಇಟ್ಟ ಮೇಲೆ ಒಎನ್‌ಟಿಯ ವೈ-ಫೈಯನ್ನು ಆರಿಸುವುದನ್ನು ಮರೆಯಬಾರದು. ಆರಿಸದಿದ್ದರೆ ಅರ್ಧ ಫೋನುಗಳು ಹಳೆಯ ಹೆಸರಿಗೇ ಅಂಟಿಕೊಂಡಿರುತ್ತವೆ, ಅವುಗಳ ಬಳಕೆ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎನ್‌ಎಲ್‌ಬಿಡಬ್ಲ್ಯುಮಾನ್ ಎಂಬ ಪ್ಯಾಕೇಜನ್ನೂ ಅದರ ಲೂಸಿ (ಬ್ರೌಸರಿನಲ್ಲಿ ತೆರೆಯುವ ಹೊಂದಿಕೆಯ) ಪುಟವನ್ನೂ ಹಾಕಿಕೊಂಡರೆ ಪ್ರತಿ ಉಪಕರಣವೂ ಎಷ್ಟು ಡೌನ್‌ಲೋಡ್, ಎಷ್ಟು ಅಪ್‌ಲೋಡ್ ಮಾಡಿತು ಎಂಬುದು ಬ್ರೌಸರಿನಲ್ಲೇ ಕೋಷ್ಟಕವಾಗಿ ಕಾಣುತ್ತದೆ. ಅದು ಪ್ಯಾಕೆಟ್‌ಗಳ ಒಡಲನ್ನು ಬಿಚ್ಚಿ ನೋಡುವುದಿಲ್ಲ. ಲಿನಕ್ಸ್ ಕರ್ನೆಲ್ ತನ್ನ ಸಂಪರ್ಕಗಳ ಪಟ್ಟಿಯಲ್ಲಿ ಹೇಗೂ ಇಟ್ಟುಕೊಳ್ಳುವ ಬೈಟುಗಳ ಎಣಿಕೆಯನ್ನು ತೆಗೆದುಕೊಂಡು ಉಪಕರಣವಾರು ಕೂಡಿಸುತ್ತದೆ. ಆದ್ದರಿಂದ ಯಾರು ಎಷ್ಟು ಬಳಸಿದರೆಂಬುದು ತಿಳಿಯುತ್ತದೆ, ಏನು ನೋಡಿದರೆಂಬುದು ತಿಳಿಯುವುದಿಲ್ಲ. ಮನೆಮಟ್ಟಿಗೆ ಅಷ್ಟೇ ಸಾಕು, ಅದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗೊಂದು ಲೆಕ್ಕ ಇಡುತ್ತಿದ್ದೇವೆಂದು ಮನೆಯವರಿಗೆ ಮೊದಲೇ ಹೇಳಿಬಿಡಿ.

ಇದನ್ನು ಹೊಂದಿಸುವಾಗ ಕೆಲವು ವಿಷಯಗಳು ಕಾಡುತ್ತವೆ. ಲೆಕ್ಕದ ತಿಂಗಳು ಒಂದನೇ ತಾರೀಖಿಗೆ ಶುರುವಾಗುವಂತೆ ಇರುತ್ತದೆ. ನಿಮ್ಮ ಪ್ಲ್ಯಾನ್ ನವೀಕರಣವಾಗುವ ತಾರೀಖಿಗೆ ಅದನ್ನು ಬದಲಿಸಿ. ಹಾರ್ಡ್‌ವೇರ್ ಫ್ಲೋ ಆಫ್‌ಲೋಡ್ (ಸಂಚಾರವನ್ನು ಕರ್ನೆಲ್ ಬದಲು ಚಿಪ್ಪೇ ಸಾಗಿಸುವ ಸೌಲಭ್ಯ) ಚಾಲೂ ಇದ್ದರೆ ಸಂಚಾರದ ಒಂದು ಭಾಗ ಎಣಿಕೆಗೆ ಸಿಗದೆ ಹೋಗಬಹುದು. 50 ಮೆಗಾಬಿಟ್ ಸಂಪರ್ಕಕ್ಕೆ ಅದರ ಅಗತ್ಯವಿಲ್ಲ, ಆರಿಸಿಡಿ. ಈಗಿನ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು (ಉಪಕರಣದ ಗುರುತಿನ ಸಂಖ್ಯೆಯನ್ನು) ಮರೆಮಾಚಿ ಬೇರೊಂದನ್ನು ತೋರಿಸುತ್ತವೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ವಾಡಿಕೆ. ಹೊರಗಿನ ವೈ-ಫೈಗಳಲ್ಲಿ ಇದು ಒಳ್ಳೆಯದೇ, ಆದರೆ ಮನೆಯ ಕೋಷ್ಟಕದಲ್ಲಿ ಒಂದೇ ಫೋನು ಎರಡು ಹೆಸರಿನಲ್ಲಿ ಕಾಣಿಸಿಕೊಳ್ಳಲು ಕಾರಣವಾಗಬಹುದು. ಮನೆಯ ವೈ-ಫೈಗೆ ಮಾತ್ರ ಆ ಸೌಲಭ್ಯವನ್ನು ಆರಿಸಿ, ಪ್ರತಿ ಉಪಕರಣಕ್ಕೂ ಸ್ಥಿರ ವಿಳಾಸವನ್ನೂ ಗುರುತು ಸಿಗುವ ಹೆಸರನ್ನೂ ಕೊಡಿ.

ನೀವು ಕರೆಂಟಿನ ಮಾತೆತ್ತಿದ್ದೀರಿ, ಮಲೆನಾಡಿನಲ್ಲಿ ಅದೇ ದೊಡ್ಡ ವಿಷಯ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಈ ಲೆಕ್ಕದ ಕಡತಗಳು ಮೊದಲಿನ ಹೊಂದಿಕೆಯ ಪ್ರಕಾರ ರ‍್ಯಾಮ್‌ನಲ್ಲೇ ಇರುತ್ತವೆ. ಫ್ಲ್ಯಾಶ್ ಬೇಗ ಸವೆಯಬಾರದೆಂದು ಹಾಗೆ ಮಾಡಿದ್ದಾರೆ. ಫಲವೇನೆಂದರೆ ರೌಟರ್ ಆರಿದ ಗಳಿಗೆಯಲ್ಲಿ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಯುಎಸ್‌ಬಿ ಕಿಂಡಿ ಕೇಳಿದ್ದು ಇದಕ್ಕಾಗಿಯೇ: ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಡೇಟಾಬೇಸಿನ ಜಾಗವನ್ನು ಅದರ ಮೇಲಕ್ಕೆ ವರ್ಗಾಯಿಸಿ. ಇಪ್ಪತ್ನಾಲ್ಕು ಗಂಟೆಗೊಮ್ಮೆ ಬರೆಯುವ ಅವಧಿಯನ್ನೂ ಅರ್ಧ ಗಂಟೆಗೆ ಇಳಿಸಿ.

ಇಡೀ ಮನೆಯ ಒಟ್ಟು ಲೆಕ್ಕಕ್ಕೆ ಅದೇ ರೌಟರಿನಲ್ಲಿ ವಿಎನ್‌ಸ್ಟ್ಯಾಟ್ ಕೂಡ ಇರಲಿ. ಹೊರಗಿನ ಇಂಟರ್‌ಫೇಸಿನ ಮೂಲಕ ಹೋದ ಬಂದ ಬೈಟುಗಳನ್ನು ಗಂಟೆ, ದಿನ, ತಿಂಗಳವಾರು ಅದು ಬರೆದಿಡುತ್ತದೆ. ಕಂಪನಿಯ ಲೆಕ್ಕದೊಂದಿಗೆ ತಾಳೆ ನೋಡಲು ಇದೇ ಅನುಕೂಲ. ತಾಳೆ ನೋಡುವಾಗ ಅಳತೆಯ ಮಾನವನ್ನು ಗಮನಿಸಿ: ವಿಎನ್‌ಸ್ಟ್ಯಾಟ್ ತೋರಿಸುವುದು 1024ರ ಲೆಕ್ಕದ ಗಿಬಿಬೈಟ್, ಪ್ಲ್ಯಾನುಗಳು ಹೆಚ್ಚಾಗಿ ಹೇಳುವುದು 1000ದ ಲೆಕ್ಕದ ಗಿಗಾಬೈಟ್. ವಿಎನ್‌ಸ್ಟ್ಯಾಟ್‌ನ 300 ಎಂದರೆ ಅವರ 322. ಈ ಏಳು ಶೇಕಡಾ ವ್ಯತ್ಯಾಸವನ್ನು ಮೋಸವೆಂದು ತಿಳಿದು ಜಗಳಕ್ಕೆ ಹೋಗಬಾರದು. ಅಪ್‌ಲೋಡ್ ಕೂಡ 500 ಜಿಬಿಯಲ್ಲಿ ಸೇರುತ್ತದೆಯೇ ಎಂಬುದನ್ನೂ ಪ್ಲ್ಯಾನಿನ ಷರತ್ತಿನಲ್ಲಿ ಓದಿ ನೋಡಿ.

ಒಂದೇ ಯಂತ್ರದೊಳಗೆ ಯಾವ ತಂತ್ರಾಂಶ ನೆಟ್ ಎಳೆಯುತ್ತಿದೆ ಎಂದು ತಿಳಿಯಬೇಕಾದರೆ ಲಿನಕ್ಸ್‌ನಲ್ಲಿ ನೆಟ್‌ಹಾಗ್ಸ್ ಇದೆ, ಆಂಡ್ರಾಯ್ಡ್‌ನಲ್ಲಿ ರೂಟ್ ಮಾಡದೆಯೇ (ಫೋನಿನ ಪೂರ್ಣ ಹಿಡಿತ ಪಡೆಯದೆಯೇ) ಓಡುವ ಪಿಕ್ಯಾಪ್‌ಡ್ರಾಯ್ಡ್ ಇದೆ. ಜಾಲದ ಸಂಚಾರವನ್ನು ವಿವರವಾಗಿ ತೋರಿಸುವ ಎನ್‌ಟಾಪ್‌ಎನ್‌ಜಿಯ ಹೆಸರನ್ನೂ ಕೆಲವರು ಹೇಳುತ್ತಾರೆ. ಅದು ಸಮರ್ಥವಾದದ್ದೇ, ಆದರೆ ಸಣ್ಣ ರೌಟರಿಗೆ ಭಾರ.

ಉತ್ತರ: ಸಾಗರದಿಂದ

ಬಳಕೆಯ ಲೆಕ್ಕವನ್ನು ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ. ನಾನು ನಿಮ್ಮ ಎರಡನೆಯ ತೊಂದರೆಯನ್ನು ತೆಗೆದುಕೊಳ್ಳುತ್ತೇನೆ.

"ನಿಮ್ಮ ವೈ-ಫೈ ನೋಡಿಕೊಳ್ಳಿ" ಎಂಬ ಮಾತಿಗೆ ಉತ್ತರ ಕೊಡಬೇಕಾದರೆ ಮನೆಯೊಳಗಿನ ದಾರಿಯನ್ನೂ ಮನೆಯಿಂದಾಚೆಯ ದಾರಿಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಫೋನಿನಲ್ಲಿ ಒಂದು ಸ್ಪೀಡ್ ಟೆಸ್ಟ್ ಮಾಡಿದರೆ ಎರಡೂ ಕಲಸಿಹೋದ ಒಂದೇ ಅಂಕಿ ಸಿಗುತ್ತದೆ, ಅದರಿಂದ ಏನನ್ನೂ ಸಾಧಿಸಲಾಗುವುದಿಲ್ಲ.

ಮನೆಯೊಳಗಿನ ದಾರಿಗೆ, ಎರಡು ಯಂತ್ರಗಳ ನಡುವಿನ ವೇಗ ಅಳೆಯುವ ಐಪರ್ಫ್3 ಬಳಸಿ. ಹಳೆಯ ಲ್ಯಾಪ್‌ಟಾಪನ್ನು ತಂತಿಯಿಂದ ರೌಟರಿಗೆ ಜೋಡಿಸಿ ಅದರಲ್ಲಿ ಸರ್ವರ್ ಆಗಿ ಓಡಿಸಿ, ತಂಗಿಯವರು ಕೂರುವ ಕೋಣೆಯಿಂದ ಅವರ ಲ್ಯಾಪ್‌ಟಾಪಿನಲ್ಲಿ ಕ್ಲೈಂಟ್ ಆಗಿ ಓಡಿಸಿ. ಇಲ್ಲಿ ಹೊರಗಿನ ನೆಟ್ ಬಳಕೆಯಾಗುವುದೇ ಇಲ್ಲ. ಬರುವ ಅಂಕಿ ಅಪ್ಪಟ ವೈ-ಫೈಯದು. ನಮ್ಮ ಕಡೆಯ ಹಳೆಯ ಮನೆಗಳ ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ಸುಲಭವಾಗಿ ದಾಟುವುದಿಲ್ಲ. 2.4 ಗಿಗಾಹರ್ಟ್ಸ್ ದಾಟುತ್ತದೆ, ವೇಗ ಮಾತ್ರ ಕಡಿಮೆ. ಆ ಕೋಣೆಯಲ್ಲಿ 50 ಮೆಗಾಬಿಟ್‌ಗಿಂತ ಸಾಕಷ್ಟು ಹೆಚ್ಚು ಬಂದರೆ ವೈ-ಫೈ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ತಂತಿಯಲ್ಲೂ ಸುಮಾರು 94ಕ್ಕೇ ನಿಂತುಬಿಟ್ಟರೆ ಎಲ್ಲೋ ಒಂದು ಕಡೆ ಕೊಂಡಿ 100 ಮೆಗಾಬಿಟ್‌ಗೆ ಇಳಿದಿದೆ ಎಂದು ಅರ್ಥ: ಒಂದೋ ಪೋರ್ಟೇ ಅಷ್ಟರದು, ಇಲ್ಲವೇ ತಂತಿಯ ನಾಲ್ಕು ಜೋಡಿಗಳಲ್ಲಿ ಒಂದು ಹೋಗಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಅಟ್ಟದ ಮೇಲೆ ಎಳೆದ ತಂತಿಯನ್ನು ಇಲಿ ಕಡಿದಿದ್ದರೆ ನೆಟ್ ಪೂರ್ತಿ ನಿಲ್ಲದೆ ಹೀಗೆ ಕುಂಟುತ್ತದೆ. ನಿಮ್ಮ 50ರ ಪ್ಲ್ಯಾನಿಗೆ ಇದರಿಂದ ಈಗ ತೊಂದರೆಯಿಲ್ಲ, ಮುಂದೆ ಪ್ಲ್ಯಾನ್ ಏರಿಸಿದಾಗ ಅಡ್ಡ ಬರುತ್ತದೆ.

ಹೊರಗಿನ ವೇಗಕ್ಕೆ ಲಿಬ್ರೆಸ್ಪೀಡ್ ಇದೆ. ಮೂಲ ಸಂಕೇತ ತೆರೆದಿರುವಂಥದ್ದು, ಆಜ್ಞಾಸಾಲಿನಿಂದ ಓಡುವ ರೂಪವೂ ಇದೆ. ಆದರೆ ಗಂಟೆಗೊಮ್ಮೆ ತಾನಾಗಿ ಓಡುವಂತೆ ಇಟ್ಟುಬಿಡಬೇಡಿ. 50 ಮೆಗಾಬಿಟ್‌ನಲ್ಲಿ ಹತ್ತು ಸೆಕೆಂಡಿನ ಪರೀಕ್ಷೆಗೆ 62.5 ಎಂಬಿ ಖರ್ಚಾಗುತ್ತದೆ, ಅಪ್‌ಲೋಡಿಗೂ ಅಷ್ಟೇ ಎಂದರೆ ಒಂದು ಸಲಕ್ಕೆ 125 ಎಂಬಿ, ದಿನಕ್ಕೆ 3 ಜಿಬಿ, ತಿಂಗಳಿಗೆ 90 ಜಿಬಿ. ನಿಮ್ಮ 500 ಜಿಬಿಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗವನ್ನು ಅಳತೆಯೇ ತಿಂದುಬಿಡುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಎಂಟರ ಸುಮಾರಿಗೆ ಒಮ್ಮೆ, ತಂತಿಗೆ ಜೋಡಿಸಿದ ಯಂತ್ರದಿಂದ, ಯಾವಾಗಲೂ ಒಂದೇ ಸರ್ವರಿಗೆ ಪರೀಕ್ಷೆ ಮಾಡಿದರೆ ಸಾಕು. ದೂರದೇಶದ ಸರ್ವರನ್ನು ಆರಿಸಿಕೊಂಡು ವೇಗ ಕಡಿಮೆಯೆಂದು ದೂರುವುದು ನ್ಯಾಯವಲ್ಲ. ಸಂಪರ್ಕ ಕೊಟ್ಟವರದೇ ಸರ್ವರನ್ನು ಆರಿಸಿಕೊಂಡರೂ ಅವರ ಜಾಲದಾಚೆಯ ಸ್ಥಿತಿ ತಿಳಿಯುವುದಿಲ್ಲ.

ದಿನವಿಡೀ ಕಾಯಲು ಸ್ಮೋಕ್‌ಪಿಂಗ್ ಬೇಕು, ನಿಮ್ಮ ವಿಷಯದಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ವಿಡಿಯೊ ಸಭೆ ತುಂಡಾಗುವುದು ಹೆಚ್ಚಾಗಿ ವೇಗ ಸಾಲದೆ ಅಲ್ಲ. ಪ್ಯಾಕೆಟ್‌ಗಳು ತಡವಾಗಿ, ಏರುಪೇರಾಗಿ ಬರುವುದರಿಂದ, ಅಥವಾ ಕಳೆದುಹೋಗುವುದರಿಂದ. ಸ್ಮೋಕ್‌ಪಿಂಗ್ ಐದು ನಿಮಿಷಕ್ಕೊಮ್ಮೆ ಇಪ್ಪತ್ತು ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ ಅಳೆಯುವ ಸಣ್ಣ ಪ್ಯಾಕೆಟ್) ಕಳಿಸಿ, ಮಧ್ಯದ ಬೆಲೆಯನ್ನು ಗೆರೆಯಾಗಿಯೂ ಏರುಪೇರನ್ನು ಅದರ ಸುತ್ತ ಹೊಗೆಯಂತೆಯೂ ಚಿತ್ರಿಸುತ್ತದೆ. ಒಂದು ಗುರಿಗೆ ದಿನಕ್ಕೆ ಖರ್ಚಾಗುವುದು ಸುಮಾರು 1 ಎಂಬಿ ಮಾತ್ರ. ಗುರಿಗಳು ಮೂರಿರಲಿ: ನಿಮ್ಮ ರೌಟರ್, ಸಂಪರ್ಕ ಕೊಟ್ಟವರ ಮೊದಲ ಗೇಟ್‌ವೇ (ನಿಮ್ಮ ಸಂಚಾರ ಮೊದಲು ತಲುಪುವ ಅವರ ಯಂತ್ರ), ಹೊರಗಿನ ಒಂದು ವಿಳಾಸ, ಉದಾಹರಣೆಗೆ 1.1.1.1. ಆ ಮೊದಲ ಗೇಟ್‌ವೇಯ ವಿಳಾಸ, ದಾರಿಯ ಪ್ರತಿ ಹಂತವನ್ನೂ ತೋರಿಸುವ ಎಂಟಿಆರ್ ಓಡಿಸಿದರೆ ಸಿಗುತ್ತದೆ. ಎಂಟಿಆರ್‌ನಲ್ಲಿ ನಡುವಿನ ಯಾವುದೋ ಒಂದು ಹಂತ ಮಾತ್ರ ನಷ್ಟ ತೋರಿಸಿ ಅದರ ಮುಂದಿನವೆಲ್ಲ ಸರಿಯಿದ್ದರೆ ಗಾಬರಿ ಬೇಡ, ಆ ರೌಟರ್ ಪಿಂಗ್‌ಗೆ ಉತ್ತರಿಸುವುದನ್ನು ಕಡಿಮೆ ಮಾಡಿಕೊಂಡಿದೆ ಅಷ್ಟೆ. ನಷ್ಟ ಕೊನೆಯ ಹಂತದವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ನಷ್ಟ.

ಇದನ್ನೆಲ್ಲ ಓಡಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಳ್ಳಲು ಹೊರಡಬೇಡಿ. ಪೈ 4ರವರೆಗಿನ ಮಾದರಿಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಹೋಗಿ ಬಂದಾಗ ನೆಟ್ ಕೂಡ ಇಲ್ಲದಿದ್ದರೆ ಅವು ತಪ್ಪು ಸಮಯ ಹಾಕಿ ದಾಖಲೆ ಬರೆಯುತ್ತವೆ. ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಗಡಿಯಾರವೂ ಇದೆ, ಬ್ಯಾಟರಿಯೂ ಇದೆ. ಮುಚ್ಚಳ ಮುಚ್ಚಿದರೂ ನಿದ್ದೆಗೆ ಜಾರದಂತೆ ಮಿಂಟ್‌ನಲ್ಲಿ ಹೊಂದಿಸಿಕೊಳ್ಳಿ.

ಮರುಪ್ರಶ್ನೆ: ತೀರ್ಥಹಳ್ಳಿ ಸೀಮೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರೌಟರ್ ತಂದು ನೀವು ಹೇಳಿದಂತೆಯೇ ಹೊಂದಿಸಿದೆ. ಒಎನ್‌ಟಿಯ ವೈ-ಫೈ ಆರಿಸಿದೆ, ಲೆಕ್ಕವನ್ನು ಪೆನ್‌ಡ್ರೈವ್ ಮೇಲೆ ಇಟ್ಟೆ. ಕೋಷ್ಟಕದ ತುದಿಯಲ್ಲಿ ಟಿವಿ ಇರುತ್ತದೆಂದು ಮನೆಯವರೆಲ್ಲ ಎಣಿಸಿದ್ದೆವು. ಮೊದಲ ಸಾಲಿನಲ್ಲಿದ್ದದ್ದು ಅಂಗಳದ ಕ್ಯಾಮೆರಾ: ಡೌನ್‌ಲೋಡ್ 2 ಜಿಬಿಯೂ ಇಲ್ಲ, ಅಪ್‌ಲೋಡ್ ಮಾತ್ರ 200 ಜಿಬಿ ದಾಟಿದೆ. ಹಗಲು ರಾತ್ರಿ ಎನ್ನದೆ ಅದರ ಅಪ್‌ಲೋಡ್ ಒಂದೇ ಸಮನೆ ಸೆಕೆಂಡಿಗೆ 1 ಮೆಗಾಬಿಟ್‌ನಷ್ಟು ಹೋಗುತ್ತಿದೆ.

ತಂಗಿಯ ಕೋಣೆಯಿಂದ ಐಪರ್ಫ್3 ಸುಮಾರು 120 ಮೆಗಾಬಿಟ್ ತೋರಿಸುತ್ತದೆ. ಸ್ಮೋಕ್‌ಪಿಂಗ್‌ನಲ್ಲಿ ನಮ್ಮ ರೌಟರಿನ ಗೆರೆ ಇಡೀ ದಿನ 1 ಮಿಲಿಸೆಕೆಂಡಿನ ಒಳಗೇ ನೇರವಾಗಿದೆ. ಗೇಟ್‌ವೇಯ ಗೆರೆ ಹಗಲಿನಲ್ಲಿ 6 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದು, ಸಂಜೆ ಏಳರಿಂದ ಹತ್ತರವರೆಗೆ 90ಕ್ಕೆ ಏರುತ್ತದೆ, ಸುತ್ತ ಹೊಗೆಯೂ ದಟ್ಟವಾಗುತ್ತದೆ. ತೊಂದರೆ ನಮ್ಮ ಮನೆಯಿಂದಾಚೆ ಇದೆ ಎಂದು ಇದರಿಂದ ಖಚಿತವಾಗಿ ಹೇಳಬಹುದೇ? ಹೇಳಬಹುದಾದರೆ ಯಾರಿಗೆ, ಹೇಗೆ ಹೇಳಬೇಕು?

ಉತ್ತರ: ವಿನೋಬನಗರ, ಶಿವಮೊಗ್ಗ

ಕ್ಯಾಮೆರಾದ ಲೆಕ್ಕ ಸರಿಯಾಗಿಯೇ ಇದೆ. ಸೆಕೆಂಡಿಗೆ 1 ಮೆಗಾಬಿಟ್ ಎಡೆಬಿಡದೆ ಹರಿದರೆ ದಿನಕ್ಕೆ 10.8 ಜಿಬಿ, ಮೂವತ್ತು ದಿನಕ್ಕೆ 324 ಜಿಬಿ. ಅದು ಎಲ್ಲ ದೃಶ್ಯವನ್ನೂ ಹೊರಗಿನ ಸರ್ವರಿಗೆ ಕಳಿಸುತ್ತಿದೆ. ಮೆಮೊರಿ ಕಾರ್ಡಿನ ಕಿಂಡಿ ಇದ್ದರೆ ದೃಶ್ಯಮುದ್ರಣದ ಜಾಗವನ್ನು ಕಾರ್ಡಿಗೆ ಬದಲಿಸಿ, ಚಲನೆ ಕಂಡಾಗ ಮಾತ್ರ ಹೊರಗೆ ಕಳಿಸುವಂತೆ ಹೊಂದಿಸಿ. ಕ್ಯಾಮೆರಾ ಆರ್‌ಟಿಎಸ್‌ಪಿ (ದೃಶ್ಯವನ್ನು ಜಾಲದ ಮೂಲಕ ಬೇರೆ ಯಂತ್ರಕ್ಕೆ ಹರಿಸುವ ವಿಧಾನ) ಬೆಂಬಲಿಸುವಂಥದ್ದಾದರೆ ಇನ್ನೂ ಒಳ್ಳೆಯದು: ಮೋಷನ್ ಎಂಬ ಮುಕ್ತ ತಂತ್ರಾಂಶವನ್ನು ಅದೇ ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ದೃಶ್ಯಗಳನ್ನು ಮನೆಯೊಳಗೇ ಉಳಿಸಿಕೊಳ್ಳಬಹುದು. ಅಂಗಳದಲ್ಲಿ ಅಡಿಕೆ ಇಲ್ಲದ ತಿಂಗಳುಗಳಲ್ಲಿ ಅದನ್ನು ಆರಿಸಿಡಲೂಬಹುದು.

ಸಂಜೆಯ ವಿಷಯದಲ್ಲಿ ಖಚಿತವೆನ್ನುವ ಮೊದಲು ಇನ್ನೊಂದು ಅನುಮಾನ ಕಳೆಯಬೇಕು. ನಿಮ್ಮ ಮನೆಯವರೇ ಸಂಜೆ ಸಂಪರ್ಕವನ್ನು ತುಂಬಿಸಿಬಿಟ್ಟರೂ, ಉದಾಹರಣೆಗೆ ಫೋನುಗಳೆಲ್ಲ ಒಟ್ಟಿಗೆ ಫೋಟೊ ಬ್ಯಾಕಪ್ ಮಾಡತೊಡಗಿದರೂ, ಗೇಟ್‌ವೇಯ ಗೆರೆ ಹೀಗೆಯೇ ಏರುತ್ತದೆ. ಕಳಿಸಬೇಕಾದ ಪ್ಯಾಕೆಟ್‌ಗಳು ಸಾಲುಗಟ್ಟಿ ನಿಲ್ಲುವುದರಿಂದ ಹಾಗಾಗುತ್ತದೆ. ವಿಎನ್‌ಸ್ಟ್ಯಾಟ್‌ನ ಎರಡನೇ ಆವೃತ್ತಿಯಿಂದ ಐದು ನಿಮಿಷವಾರು ನೋಟವೂ ಇದೆ. ಅದನ್ನು ತೆರೆದು, ಗೆರೆ ಏರಿದ ಹೊತ್ತಿನಲ್ಲಿ ನಿಮ್ಮ ಒಟ್ಟು ಬಳಕೆ ಎಷ್ಟಿತ್ತೆಂದು ಅಕ್ಕಪಕ್ಕ ಇಟ್ಟು ನೋಡಿ. ಬಳಕೆ 50ರ ಹತ್ತಿರವಿದ್ದರೆ ಮದ್ದು ನಿಮ್ಮ ರೌಟರಿನಲ್ಲೇ ಇದೆ: ಓಪನ್‌ಡಬ್ಲ್ಯುಆರ್‌ಟಿಯ ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಎಸ್‌ಕ್ಯುಎಂ ಪ್ಯಾಕೇಜಿನಲ್ಲಿ ಕೇಕ್ ಎಂಬ ವಿಧಾನವನ್ನು ಆಯ್ದುಕೊಂಡು, ವೇಗದ ಮಿತಿಯನ್ನು 45ರ ಸುಮಾರಿಗೆ ಇಡಿ, ಸಭೆಯ ಪ್ಯಾಕೆಟ್‌ಗಳು ಸಾಲಿನ ಹಿಂದೆ ಸಿಕ್ಕಿಕೊಳ್ಳುವುದಿಲ್ಲ. ಬಳಕೆ ಐದೋ ಹತ್ತೋ ಮೆಗಾಬಿಟ್ ಇದ್ದೂ ಗೆರೆ 90ಕ್ಕೆ ಏರಿದ್ದರೆ, ದಟ್ಟಣೆ ಇರುವುದು ಹಲವು ಮನೆಗಳು ಹಂಚಿಕೊಳ್ಳುವ ಅವರ ಕಡೆಯ ದಾರಿಯಲ್ಲಿ. ಆಗ ಧೈರ್ಯವಾಗಿ ಹೇಳಬಹುದು.

ಹೇಳುವುದನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ದೂರು ದಾಖಲಿಸಿ ಡಾಕೆಟ್ (ದೂರಿನ) ಸಂಖ್ಯೆ ಪಡೆಯಿರಿ. ಅದರಿಂದ ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು; ಈ ಎರಡು ಹಂತದ ಏರ್ಪಾಡನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರ ನಿಯಮಗಳಲ್ಲಿ ವಿಧಿಸಿದೆ. ಟ್ರಾಯ್ ತಾನೇ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುವುದರಿಂದ ಪ್ರಯೋಜನವಿಲ್ಲ. ದೂರಿನ ಜೊತೆ ಗೇಟ್‌ವೇಯ ಸ್ಮೋಕ್‌ಪಿಂಗ್ ಚಿತ್ರ, ಅದೇ ಹೊತ್ತಿನ ವಿಎನ್‌ಸ್ಟ್ಯಾಟ್ ಪಟ್ಟಿ, ತಂತಿಯಿಂದ ಮಾಡಿದ ಬೆಳಗಿನ ಮತ್ತು ಸಂಜೆಯ ಲಿಬ್ರೆಸ್ಪೀಡ್ ಫಲಿತಾಂಶ, ಇವನ್ನು ತಾರೀಖು ಸಮೇತ ಲಗತ್ತಿಸಿ. ಡೇಟಾ ಮುಗಿದ ಮೇಲಿನ 4 ಮೆಗಾಬಿಟ್ ಬಗ್ಗೆ ಮಾತ್ರ ದೂರಲು ಅವಕಾಶವಿಲ್ಲ. 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವೆಂದು ನಿಗದಿಯಾದದ್ದು ಸೆಕೆಂಡಿಗೆ 2 ಮೆಗಾಬಿಟ್.

ಇನ್ನೊಂದು ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಒಎನ್‌ಟಿಯ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂದು ಡಿಬಿಎಂನಲ್ಲಿ (ಬಲವನ್ನು ಅಳೆಯುವ ಮಾನ) ಒಂದು ಅಳತೆ ಇರುತ್ತದೆ. ಫೈಬರಿನಿಂದ ನಿಮ್ಮ ಪೆಟ್ಟಿಗೆಗೆ ತಲುಪುತ್ತಿರುವ ಬೆಳಕು ಎಷ್ಟು ಎಂಬುದು ಅದು. ಮನೆಗಳಿಗೆ ಬರುವ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ) ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಮೈನಸ್ 27ರ ಹತ್ತಿರ ಹೋದರೆ ಸಂಪರ್ಕ ತತ್ತರಿಸತೊಡಗುತ್ತದೆ, ಮತ್ತು 3 ಡಿಬಿ ಇಳಿಯಿತೆಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಎಳೆದ ನಮ್ಮ ಕಡೆಯ ಫೈಬರಿನ ಮೇಲೆ ಕೊಂಬೆ ಬಿದ್ದು ಬಾಗಿದರೂ, ಬೆಸುಗೆಯ ಪೆಟ್ಟಿಗೆಗೆ ನೀರಿಳಿದರೂ ಇದು ಇಳಿಯುತ್ತದೆ. ಈಗ ಒಣಹವೆ ಇರುವಾಗಲೇ ಒಂದು ಅಂಕಿ ಬರೆದಿಡಿ, ಮುಂಗಾರು ಹಿಡಿದ ಮೇಲೆ ಮತ್ತೊಮ್ಮೆ ನೋಡಿ. ಮೈನಸ್ 20 ಇದ್ದದ್ದು ಮೈನಸ್ 25 ಆಗಿದ್ದರೆ ಲೈನ್‌ಮನ್‌ಗೆ ಆ ಎರಡು ಅಂಕಿಗಳನ್ನು ತೋರಿಸಿ; ರೌಟರ್ ಆರಿಸಿ ಹಚ್ಚಿ ಎನ್ನುವ ಬದಲು ಅವರು ನೇರವಾಗಿ ತಂತಿಯ ಜಾಡು ಹಿಡಿದು ಹೊರಡುತ್ತಾರೆ.